ಕ್ವಿಸ್ಲಿಂಗ್: ಒಬ್ಬನ ಹೆಸರು ಪದವಾದ ಬಗೆ

ನಮ್ಮ ಕಾಲೇಜು ಗ್ರಂಥಾಲಯದ ಹಳೆಯ ಇಂಗ್ಲಿಷ್ ನಿಘಂಟಿನಲ್ಲಿ ‘ಕ್ಯೂ’ ಅಕ್ಷರದ ಪುಟಗಳನ್ನು ತಿರುವುತ್ತಿದ್ದಾಗ ‘ಕ್ವಿಸ್ಲಿಂಗ್’ ಎಂಬ ಪದ ನನ್ನ ಕಣ್ಣಿಗೆ ಬಿತ್ತು. ತನ್ನ ದೇಶವನ್ನು ಆಕ್ರಮಿಸಿದ ಶತ್ರುವಿನ ಜೊತೆ ಕೈಜೋಡಿಸಿದವನು ಎಂದು ಅರ್ಥ. ಅದು ಒಬ್ಬ ಮನುಷ್ಯನ ಮನೆತನದ ಹೆಸರು. ಆದರೂ ಮೊದಲ ಅಕ್ಷರವನ್ನು ಚಿಕ್ಕದಾಗಿ ಬರೆಯುತ್ತಾರೆ. ಕನ್ನಡ ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ, ಅಂಕಿತನಾಮ ಹೋಗಿ ಅನ್ವರ್ಥನಾಮವಾಗಿಬಿಟ್ಟಿದೆ. ನಮ್ಮಲ್ಲೂ ಮೀರ್ ಸಾದಿಕ್ ಎಂದರೆ ಸಾಕು, 1799ರ ಶ್ರೀರಂಗಪಟ್ಟಣದ ಕಥೆ ಕೇಳಿದವರಿಗೆ ಬೇರೆ ವಿವರಣೆ ಬೇಕಿಲ್ಲ.

ವಿಡ್ಕುನ್ ಕ್ವಿಸ್ಲಿಂಗ್ ಹುಟ್ಟಿದ್ದು 1887ರಲ್ಲಿ, ನಾರ್ವೆ ದೇಶದ ಒಂದು ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಹುಡುಗ ಓದಿನಲ್ಲಿ ಬಹಳ ಮುಂದೆ. ಸೈನಿಕ ಕಾಲೇಜಿನಲ್ಲಿ ಆತ ಪಡೆದ ಅಂಕಗಳನ್ನು ಆ ಸಂಸ್ಥೆ ಶುರುವಾದಾಗಿನಿಂದ ಅಲ್ಲಿಯವರೆಗೆ ಯಾರೂ ಪಡೆದಿರಲಿಲ್ಲ. ರ‍್ಯಾಂಕ್ ಬಂದವರೆಲ್ಲ ಒಳ್ಳೆಯವರೇ ಎಂದು ನಂಬುವ ನಮ್ಮಂಥವರು ಇಲ್ಲಿ ಸ್ವಲ್ಪ ನಿಲ್ಲಬೇಕು.

ಮುಂದಿನದು ನನಗೆ ಇನ್ನೂ ಆಶ್ಚರ್ಯದ ಸಂಗತಿ. 1922ರಲ್ಲಿ ಉಕ್ರೇನಿನಲ್ಲಿ ಭೀಕರ ಬರ ಬಿದ್ದು ಜನ ಅನ್ನವಿಲ್ಲದೆ ಸಾಯುತ್ತಿದ್ದರು. ಧ್ರುವ ಪ್ರದೇಶಗಳ ಸಾಹಸಿ ಫ್ರಿಜೋಫ್ ನಾನ್ಸೆನ್ ಅವರ ಪರಿಹಾರ ಕಾರ್ಯಕ್ಕೆ ಖಾರ್ಕಿವ್ ನಗರದಲ್ಲಿ ದುಡಿದವನು ಇದೇ ಕ್ವಿಸ್ಲಿಂಗ್. ಆತನ ಕೆಲಸವನ್ನು ನಾನ್ಸೆನ್ ಮೆಚ್ಚಿಕೊಂಡಿದ್ದರು. ನಿರಾಶ್ರಿತ ಆರ್ಮೇನಿಯನ್ನರಿಗಾಗಿಯೂ ಆತ ಓಡಾಡಿದ. ಮಾಸ್ಕೋದಲ್ಲಿ ಬ್ರಿಟನ್ನಿನ ವ್ಯವಹಾರಗಳನ್ನು ನೋಡಿಕೊಂಡದ್ದಕ್ಕೆ ಬ್ರಿಟಿಷ್ ಸರ್ಕಾರ ಬಿರುದನ್ನೂ ಕೊಟ್ಟಿತು. ಕೊಟ್ಟ ಬಿರುದನ್ನು 1940ರಲ್ಲಿ ಕಿತ್ತುಕೊಂಡಿತು ಅನ್ನಿ.

1931ರಿಂದ 1933ರವರೆಗೆ ಆತ ನಾರ್ವೆಯ ರಕ್ಷಣಾ ಮಂತ್ರಿ. ಆಮೇಲೆ ತನ್ನದೇ ಪಕ್ಷ ಕಟ್ಟಿ ಹಿಟ್ಲರನ ದಾರಿ ಹಿಡಿದ. 1933ರ ಚುನಾವಣೆಯಲ್ಲಿ ಸಿಕ್ಕಿದ್ದು ಶೇ. 2ರಷ್ಟು ಮತ, ಸ್ಥಾನ ಒಂದೂ ಇಲ್ಲ. 1936ರಲ್ಲೂ ಅದೇ ಪಾಡು. ಜನ ಕೊಡದಿದ್ದನ್ನು ಆತ ಬೇರೆ ಕಡೆಯಿಂದ ಪಡೆಯಲು ಹೊರಟ.

1940ರ ಏಪ್ರಿಲ್ 9ರಂದು ಜರ್ಮನ್ ಸೈನ್ಯ ನಾರ್ವೆಗೆ ನುಗ್ಗಿತು. ರಾಜ ಏಳನೆಯ ಹಾಕೊನ್ ಮತ್ತು ಸರ್ಕಾರ ಓಸ್ಲೊ ಬಿಟ್ಟು ಹೊರಟರು. ಅಂದೇ ಸಂಜೆ ಕ್ವಿಸ್ಲಿಂಗ್ ರೇಡಿಯೋದಲ್ಲಿ ಮಾತಾಡಿ, ತಾನೇ ಪ್ರಧಾನಿ ಎಂದು ಘೋಷಿಸಿಕೊಂಡ. ಜರ್ಮನ್ನರಿಗೆ ಎದುರು ನಿಲ್ಲಬೇಡಿ ಎಂದ. ಆತನನ್ನು ಪ್ರಧಾನಿ ಮಾಡುವುದಕ್ಕಿಂತ ಸಿಂಹಾಸನ ಬಿಡುವುದೇ ಮೇಲೆಂದು ರಾಜ ತಿಳಿಸಿದರು. ಜನ ಬೆಂಬಲ ಕೊಡಲಿಲ್ಲ. ಒಂದು ವಾರ ತುಂಬುವ ಮೊದಲೇ ಜರ್ಮನ್ನರೇ ಆತನನ್ನು ಪಕ್ಕಕ್ಕೆ ಸರಿಸಿದರು. ಏಪ್ರಿಲ್ 19ರಂದು ಲಂಡನ್ನಿನ ಟೈಮ್ಸ್ ಪತ್ರಿಕೆ ಆ ಹೆಸರನ್ನು ಬಹುವಚನದಲ್ಲಿ ಬಳಸಿ, ಇಂಥವರು ಎಲ್ಲೆಲ್ಲೂ ಇದ್ದಾರೆಂದು ಸಂಪಾದಕೀಯ ಬರೆಯಿತು. ಹತ್ತೇ ದಿನಗಳಲ್ಲಿ ಮನುಷ್ಯ ಪದವಾದ. ‘ಕ್ವಿಸ್ಲ್’ ಎಂಬ ಕ್ರಿಯಾಪದವನ್ನೂ ಹುಟ್ಟಿಸಿದರು. ಅದು ಹೆಚ್ಚು ದಿನ ಬಾಳಲಿಲ್ಲ.

ಪದ ಹುಟ್ಟಿತು, ಮನುಷ್ಯ ಸುಮ್ಮನಾಗಲಿಲ್ಲ. 1942ರ ಫೆಬ್ರವರಿಯಲ್ಲಿ ಜರ್ಮನ್ನರು ಆತನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಆತ ಮೊದಲು ಕೈಹಾಕಿದ್ದು ಶಾಲೆಗಳಿಗೆ. ಶಿಕ್ಷಕರೆಲ್ಲ ಸರ್ಕಾರಿ ಸಂಘಕ್ಕೆ ಸೇರಬೇಕು, ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲ ಪಕ್ಷದ ಯುವದಳಕ್ಕೆ ಸೇರಬೇಕು ಎಂಬ ಕಾನೂನು ಬಂತು. ದೇಶದಲ್ಲಿದ್ದ ಸುಮಾರು 14,000 ಶಿಕ್ಷಕರಲ್ಲಿ ಸುಮಾರು 12,000 ಮಂದಿ ಒಲ್ಲೆವೆಂದು ಪತ್ರ ಬರೆದರು. ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಬಂಧಿಸಿದರು. ಐನೂರರಷ್ಟು ಮಂದಿಯನ್ನು ಹಡಗಿಗೆ ತುಂಬಿ, ಉತ್ತರದ ಹಿಮಪ್ರದೇಶ ಕಿರ್ಕೆನೆಸ್‌ಗೆ ಕೂಲಿ ಮಾಡಲು ಕಳಿಸಿದರು. ಶಿಕ್ಷಕರು ಬಾಗಲಿಲ್ಲ. ಸರ್ಕಾರವೇ ಆ ಯೋಜನೆ ಕೈಬಿಟ್ಟಿತು, ವರ್ಷ ಮುಗಿಯುವ ಮೊದಲು ಅವರು ಊರಿಗೆ ಮರಳಿದರು. ಹೋದವರು ಹೆಚ್ಚಿನವರು ನಮ್ಮ ಮೇಷ್ಟ್ರುಗಳಂತೆ ಸಂಬಳ ನಂಬಿ ಬದುಕುತ್ತಿದ್ದವರು ಎಂದು ನೆನೆದಾಗ ನನಗೆ ಮೈ ಜುಮ್ಮೆನ್ನುತ್ತದೆ. ಅವರ ಹೆಸರು ಯಾವ ನಿಘಂಟಿನಲ್ಲೂ ಇಲ್ಲ.

ಆದರೆ ಅದೇ ವರ್ಷ ನಾರ್ವೆಯ ಯಹೂದಿಗಳನ್ನು ಉಳಿಸಲಾಗಲಿಲ್ಲ. ಆ ದೇಶದಲ್ಲಿ ಅವರು ಬೆರಳೆಣಿಕೆಯಷ್ಟು ಜನ. ಅವರ ಆಸ್ತಿಯನ್ನು ಮುಟ್ಟುಗೋಲು ಹಾಕುವ ಕಾನೂನಿಗೆ ಕ್ವಿಸ್ಲಿಂಗ್ ಸಹಿ ಹಾಕಿದ. 770ಕ್ಕೂ ಹೆಚ್ಚು ಜನರನ್ನು ಗಡೀಪಾರು ಮಾಡಿದರು. ಬದುಕಿ ಬಂದವರು ನಲವತ್ತಕ್ಕಿಂತ ಕಡಿಮೆ. ಅವರ ಮನೆ ಬಾಗಿಲು ತಟ್ಟಿದವರಲ್ಲಿ ನಾರ್ವೆಯ ಪೊಲೀಸರೇ ಇದ್ದರು. ಆತನ ಪಕ್ಷದ ಸದಸ್ಯರು ಒಂದು ಹಂತದಲ್ಲಿ 40,000 ದಾಟಿದ್ದರು. ಆ ಪದದ ಬಗ್ಗೆ ನನ್ನ ತಕರಾರು ಇರುವುದು ಇಲ್ಲೇ. ಎಲ್ಲ ಪಾಪವನ್ನು ಒಬ್ಬನ ಹೆಸರಿಗೆ ಕಟ್ಟಿದರೆ, ಸಹಿ ಹಾಕಿದ ಕಾಗದವನ್ನು ಹೊತ್ತು ಬೀದಿಗೆ ಬಂದವರು ತಪ್ಪಿಸಿಕೊಳ್ಳುತ್ತಾರೆ.

1945ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು, ಕ್ವಿಸ್ಲಿಂಗ್ ಸೆರೆಯಾದ. ತಾನು ಮಾಡಿದ್ದೆಲ್ಲ ದೇಶಕ್ಕಾಗಿ ಎಂದು ನ್ಯಾಯಾಲಯದಲ್ಲಿ ಕೊನೆವರೆಗೂ ವಾದಿಸಿದ. ಅಕ್ಟೋಬರ್ 24ರಂದು ಓಸ್ಲೊದ ಆಕೆರ್ಸ್‌ಹುಸ್ ಕೋಟೆಯಲ್ಲಿ ಗುಂಡಿಕ್ಕಿ ಮರಣದಂಡನೆ ಜಾರಿ ಮಾಡಿದರು.

ಅಧಿಕಾರದಲ್ಲಿದ್ದಾಗ ಆತ ವಾಸವಿದ್ದ ದೊಡ್ಡ ಬಂಗಲೆ ಓಸ್ಲೊದಲ್ಲಿ ಈಗಲೂ ಇದೆ. ಯಹೂದಿಗಳ ನರಮೇಧ ಮತ್ತು ಅಲ್ಪಸಂಖ್ಯಾತರ ಬದುಕನ್ನು ಅಧ್ಯಯನ ಮಾಡುವ ಕೇಂದ್ರ ಇಂದು ಅದೇ ಕಟ್ಟಡದಲ್ಲಿ ನಡೆಯುತ್ತಿದೆ.