ಜಾಕ್ ಜಾನ್ಸನ್ ಒಡೆದ ಬಾಗಿಲು, ಹೊರಗೇ ಉಳಿದ ಸ್ಯಾಮ್ ಲ್ಯಾಂಗ್‌ಫರ್ಡ್

ಕಾಲೇಜು ಹಾಸ್ಟೆಲಿನಲ್ಲಿದ್ದಾಗ ಮಂಚದ ಮೇಲಿನ ಗೋಡೆಗೆ ಜಾಕ್ ಜಾನ್ಸನ್ ಫೋಟೋ ಅಂಟಿಸಿಕೊಂಡಿದ್ದೆ. ನೆಟ್‌ನಿಂದ ಇಳಿಸಿ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದ್ದು. ನುಣ್ಣಗೆ ಬೋಳಿಸಿದ ತಲೆ, ಆರಡಿ ಎತ್ತರ, ನಕ್ಕರೆ ಕಾಣುವ ಚಿನ್ನದ ಹಲ್ಲು. ರಿಂಗ್‌ನಲ್ಲಿ ಗುದ್ದುತ್ತಲೇ ಎದುರಾಳಿಯನ್ನೂ ಸುತ್ತ ಕೂತ ಬಿಳಿಯ ಪ್ರೇಕ್ಷಕರನ್ನೂ ಅಣಕಿಸುತ್ತಿದ್ದ ಕಪ್ಪು ಮನುಷ್ಯ. ಆ ಕಾಲದಲ್ಲಿ ಹಾಗೆ ನಗೋಕೆ ಎಷ್ಟು ಧೈರ್ಯ ಬೇಕಿತ್ತು ಅಂತ ಯೋಚಿಸಿದರೇ ರೋಮಾಂಚನ ಆಗೋದು.

ಸ್ಯಾಮ್ ಲ್ಯಾಂಗ್‌ಫರ್ಡ್ ಹೆಸರು ಕೇಳಿದ್ದು ಆಮೇಲೆ. ಕೇಳಿದ ಮೇಲೆ ಆ ಫೋಟೋವನ್ನು ಮೊದಲಿನ ಹಾಗೆ ನೋಡೋಕೆ ಆಗಲಿಲ್ಲ.

ಜಾನ್ಸನ್ ಹುಟ್ಟಿದ್ದು 1878ರಲ್ಲಿ, ಟೆಕ್ಸಸ್‌ನ ಗ್ಯಾಲ್ವೆಸ್ಟನ್ ಎಂಬ ಬಂದರು ಊರಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಗುಲಾಮಗಿರಿ ಕಂಡವರು. ಹುಡುಗ ಹಡಗುಕಟ್ಟೆಯಲ್ಲಿ ಮೂಟೆ ಹೊತ್ತ, ಹೊಡೆದಾಡೋದನ್ನೂ ಅಲ್ಲೇ ಕಲಿತ. ನಿಜವಾದ ಪಾಠ ಸಿಕ್ಕಿದ್ದು ಮಾತ್ರ ಜೈಲಿನಲ್ಲಿ. 1901ರಲ್ಲಿ ಜೋ ಚೊಯಿನ್‌ಸ್ಕಿ ಎಂಬ ಯಹೂದಿ ಬಾಕ್ಸರ್ ಇವನನ್ನು ಮೂರನೇ ಸುತ್ತಿನಲ್ಲೇ ಮಲಗಿಸಿದ. ಟೆಕ್ಸಸ್‌ನಲ್ಲಿ ಹಣಕ್ಕೆ ಗುದ್ದಾಡುವುದು ಕಾನೂನುಬಾಹಿರ. ಪೊಲೀಸರು ಗೆದ್ದವನನ್ನೂ ಸೋತವನನ್ನೂ ಒಟ್ಟಿಗೆ ಒಳಗೆ ಹಾಕಿದರು. ಅಲ್ಲಿದ್ದ ಮೂರು ವಾರಗಳ ಕಾಲ ಚೊಯಿನ್‌ಸ್ಕಿ ಅವನಿಗೆ ಏಟು ತಪ್ಪಿಸಿಕೊಳ್ಳುವ ವಿದ್ಯೆ ಹೇಳಿಕೊಟ್ಟ. ಮುಂದೆ ಜಾನ್ಸನ್‌ನ ಹೆಸರು ನಿಂತಿದ್ದೇ ಆ ವಿದ್ಯೆಯ ಮೇಲೆ.

ಲ್ಯಾಂಗ್‌ಫರ್ಡ್ ಕೆನಡಾದ ನೋವಾ ಸ್ಕೋಶಿಯಾದವನು, ವೇಮತ್ ಫಾಲ್ಸ್ ಎಂಬ ಹಳ್ಳಿಯವನು. ಜಾನ್ಸನ್‌ಗಿಂತ ಏಳೆಂಟು ವರ್ಷ ಚಿಕ್ಕವನು. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಬಾಸ್ಟನ್ ಸೇರಿದ. ಜೋ ವುಡ್‌ಮನ್ ಎಂಬಾತನ ಬಾಕ್ಸಿಂಗ್ ಜಿಮ್‌ನಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಗುಡಿಸುತ್ತಿದ್ದವನು ಗ್ಲೌಸ್ ಹಾಕಿಕೊಂಡ, ವುಡ್‌ಮನ್ ಮ್ಯಾನೇಜರ್ ಆದ. ಎತ್ತರ ಐದಡಿ ಏಳಿಂಚು ಅಷ್ಟೇ, ಆದರೆ ಭುಜ ಮತ್ತು ತೋಳು ಬೇರೆ ಯಾರದ್ದೋ ದೇಹದಿಂದ ತಂದು ಕೂರಿಸಿದ ಹಾಗೆ. 1903ರ ಡಿಸೆಂಬರ್‌ನಲ್ಲಿ, ಇನ್ನೂ ಇಪ್ಪತ್ತು ದಾಟಿರಲಿಲ್ಲ, ಲೈಟ್‌ವೇಟ್ ವಿಶ್ವ ಚಾಂಪಿಯನ್ ಜೋ ಗಾನ್ಸ್‌ನನ್ನು ಸೋಲಿಸಿದ. ತೂಕ ಮಿತಿಗಿಂತ ಹೆಚ್ಚಿದ್ದರಿಂದ ಪಟ್ಟ ಸಿಗಲಿಲ್ಲ. ಮರುವರ್ಷ ವೆಲ್ಟರ್‌ವೇಟ್ ಚಾಂಪಿಯನ್, ಬಾರ್ಬಡೋಸ್‌ನ ಜೋ ವಾಲ್ಕಾಟ್ ಜತೆ 15 ಸುತ್ತು ಆಡಿ ಡ್ರಾ ಮಾಡಿಕೊಂಡ. ಅಲ್ಲೂ ಪಟ್ಟ ಕೈಗೆ ಬರಲಿಲ್ಲ.

ಆಗಿನ ಹೆವಿವೇಟ್ ಲೋಕದಲ್ಲಿ ಒಂದು ಬಣ್ಣದ ಗೆರೆ ಇತ್ತು. ಅದು ಯಾವ ನಿಯಮ ಪುಸ್ತಕದಲ್ಲೂ ಇರಲಿಲ್ಲ. ಬಿಳಿಯ ಚಾಂಪಿಯನ್ ತಾನು ಕಪ್ಪು ಜನರ ಜತೆ ಆಡಲ್ಲ ಅಂದುಬಿಟ್ಟರೆ ಮುಗೀತು. ಜಿಮ್ ಜೆಫ್ರೀಸ್ ಹಾಗೇ ಅಂದ, 1905ರಲ್ಲಿ ಸೋಲನ್ನೇ ಕಾಣದೆ ನಿವೃತ್ತನಾಗಿ ಹೊಲ ನೋಡಿಕೊಂಡಿದ್ದ. ಕಪ್ಪು ಜನರಿಗೆ ಅಂತ ಬೇರೆಯೇ ಒಂದು ವಿಶ್ವ ಪಟ್ಟ ಇತ್ತು, ಬೇರೆ ಲೋಟ ಇಟ್ಟ ಹಾಗೆ. ಜಾನ್ಸನ್ 1903ರಲ್ಲಿ ಅದನ್ನು ಗೆದ್ದ.

ಇವರಿಬ್ಬರೂ ಮುಖಾಮುಖಿಯಾಗಿದ್ದು ಒಂದೇ ಸಲ, 1906ರ ಏಪ್ರಿಲ್ 26ರಂದು, ಮ್ಯಾಸಚೂಸೆಟ್ಸ್‌ನ ಚೆಲ್ಸಿಯಲ್ಲಿ. ಜಾನ್ಸನ್ ಸುಮಾರು 30 ಪೌಂಡ್ ಹೆಚ್ಚು ತೂಗುತ್ತಿದ್ದ. ಆರನೇ ಸುತ್ತಿನಲ್ಲಿ ಲ್ಯಾಂಗ್‌ಫರ್ಡ್ ನೆಲಕ್ಕೆ ಬಿದ್ದ, ಎದ್ದ, ಹದಿನೈದೂ ಸುತ್ತು ನಿಂತ. ತೀರ್ಪು ಜಾನ್ಸನ್ ಕಡೆಗೆ, ಅದರಲ್ಲಿ ತಕರಾರೇನಿಲ್ಲ. ಲ್ಯಾಂಗ್‌ಫರ್ಡ್ ಜಾನ್ಸನ್‌ನನ್ನು ಬೀಳಿಸಿದ್ದ ಅನ್ನೋ ಕತೆಯನ್ನು ವುಡ್‌ಮನ್ ಆಮೇಲೆ ಹಬ್ಬಿಸಿದ. ಅದು ಸುಳ್ಳು. ಸುಳ್ಳಿನ ಅಗತ್ಯವೂ ಇರಲಿಲ್ಲ. ಅಷ್ಟು ಚಿಕ್ಕ ದೇಹದವನು ಅಷ್ಟು ಹೊತ್ತು ನಿಂತಿದ್ದನ್ನು ಜಾನ್ಸನ್ ಮರೆಯಲಿಲ್ಲ ಅನ್ನೋದು ಅವನ ಮುಂದಿನ ನಡವಳಿಕೆ ನೋಡಿದರೆ ಗೊತ್ತಾಗುತ್ತೆ.

ಅಲ್ಲಿಂದ ದಾರಿ ಕವಲಾಯಿತು. ಜಾನ್ಸನ್ ಹೊಸ ಬಿಳಿ ಚಾಂಪಿಯನ್ ಟಾಮಿ ಬರ್ನ್ಸ್‌ನ ಬೆನ್ನು ಹತ್ತಿದ. ಇಂಗ್ಲೆಂಡಿಗೆ ಹೋದರೆ ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೋದರೆ ಆಸ್ಟ್ರೇಲಿಯಾಕ್ಕೆ. ಕೊನೆಗೆ ಸಿಡ್ನಿಯ ಪ್ರೊಮೋಟರ್ ಹ್ಯೂ ಮೆಕಿಂಟಾಷ್ ಬರ್ನ್ಸ್‌ಗೆ 30,000 ಡಾಲರ್ ಕೊಡಲು ಒಪ್ಪಿದ ಮೇಲೆ ಗೆರೆ ಅಳಿಸಿತು. ಜಾನ್ಸನ್‌ಗೆ ಸಿಕ್ಕಿದ್ದು 5,000. 1908ರ ಡಿಸೆಂಬರ್ 26ರಂದು ಹದಿನಾಲ್ಕನೇ ಸುತ್ತಿನಲ್ಲಿ ಪೊಲೀಸರೇ ನುಗ್ಗಿ ಪಂದ್ಯ ನಿಲ್ಲಿಸಬೇಕಾಯಿತು. ಕಾದಂಬರಿಕಾರ ಜಾಕ್ ಲಂಡನ್ ಅಲ್ಲೇ ಕೂತು ವರದಿ ಬರೆದ, ಜೆಫ್ರೀಸ್ ಹೊಲ ಬಿಟ್ಟು ಬಂದು ಬಿಳಿಯರ ಮಾನ ಉಳಿಸಬೇಕು ಅಂತ ಕರೆ ಕೊಟ್ಟ. ಅವನು ಸಮಾಜವಾದಿ ಕೂಡ. ಇದು ನೆನಪಿರಲಿ.

ಜೆಫ್ರೀಸ್ ಬಂದ. 1910ರ ಜುಲೈ 4, ನೆವಾಡಾದ ರೀನೋ, ಉರಿಬಿಸಿಲು, ಸುಮಾರು ಇಪ್ಪತ್ತು ಸಾವಿರ ಜನ. ಅದರ ಸಿನಿಮಾ ರೀಲು ಈಗ ಯೂಟ್ಯೂಬ್‌ನಲ್ಲೇ ಸಿಗುತ್ತೆ, ನಾನು ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಆರು ವರ್ಷ ರಿಂಗ್ ಹತ್ತದ ದೊಡ್ಡ ದೇಹವೊಂದು ನಿಧಾನವಾಗಿ ಕುಸಿಯುತ್ತೆ, ಜಾನ್ಸನ್‌ಗೆ ಅವಸರವೇ ಇಲ್ಲ. ಹದಿನೈದನೇ ಸುತ್ತಿನಲ್ಲಿ ಮುಗಿಸಿದ. ಆ ರಾತ್ರಿ ಅಮೆರಿಕದ ಹತ್ತಾರು ಊರುಗಳಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರ ಮೇಲೆ ಬಿದ್ದವು. ಸತ್ತವರು ಇಪ್ಪತ್ತರ ಆಸುಪಾಸು, ಬಹುಪಾಲು ಕಪ್ಪು ಜನರೇ. ಎರಡು ವರ್ಷದಲ್ಲಿ ಬಾಕ್ಸಿಂಗ್ ಸಿನಿಮಾಗಳನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸುವುದನ್ನೇ ಅಮೆರಿಕದ ಸಂಸತ್ತು ನಿಷೇಧಿಸಿತು. ಒಬ್ಬ ಗೆದ್ದಿದ್ದನ್ನು ಜನ ನೋಡಬಾರದು ಅಂತ ಒಂದು ಕಾನೂನು!

ಇನ್ನು ಫೋಟೋದಲ್ಲಿ ಕಾಣದ ಭಾಗ. ಬರ್ನ್ಸ್ ಬೆನ್ನಟ್ಟಿ ಇಂಗ್ಲೆಂಡಿನಲ್ಲಿದ್ದಾಗ, ಗೆದ್ದರೆ ಲಂಡನ್‌ನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್‌ನಲ್ಲಿ ಲ್ಯಾಂಗ್‌ಫರ್ಡ್ ಜತೆ ಆಡ್ತೀನಿ ಅಂತ ಜಾನ್ಸನ್ ಒಪ್ಪಿಕೊಂಡಿದ್ದ. ಗೆದ್ದ ಮೇಲೆ ಹಣ ಸಾಲದು ಅಂತ ಕೈಕೊಟ್ಟ. ಆಮೇಲೆ ಮೆಕಿಂಟಾಷ್ ಆಸ್ಟ್ರೇಲಿಯಾದಲ್ಲಿ ಇಬ್ಬರನ್ನೂ ಸೇರಿಸಲು ನೋಡಿದ, ಆಗಲಿಲ್ಲ. ಆರು ವರ್ಷಕ್ಕೂ ಹೆಚ್ಚು ಕಾಲ ಚಾಂಪಿಯನ್ ಆಗಿದ್ದ ಜಾನ್ಸನ್ ಪಟ್ಟ ಪಣಕ್ಕಿಟ್ಟು ಒಬ್ಬನೇ ಒಬ್ಬ ಕಪ್ಪು ಬಾಕ್ಸರ್ ಜತೆ ಆಡಿದ್ದು, 1913ರ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ. ಆ ಎದುರಾಳಿ ಲ್ಯಾಂಗ್‌ಫರ್ಡ್ ಅಲ್ಲ, ಜೋ ಜೆನೆಟ್ ಅಲ್ಲ, ಸ್ಯಾಮ್ ಮೆಕ್‌ವೇ ಅಲ್ಲ. ಅವರಷ್ಟು ಹೆಸರಿಲ್ಲದ ಬ್ಯಾಟ್ಲಿಂಗ್ ಜಿಮ್ ಜಾನ್ಸನ್. ಅದೂ ಡ್ರಾ.

ಅವನ ಲೆಕ್ಕಾಚಾರ ಅರ್ಥವಾಗದ್ದೇನಲ್ಲ. ಟಿಕೆಟ್ ಕೊಳ್ಳುತ್ತಿದ್ದವರು ಬಿಳಿಯರು. ಅವರು ದುಡ್ಡು ಕೊಡುತ್ತಿದ್ದುದು ಒಬ್ಬ ಬಿಳಿಯ ಬಂದು ಜಾನ್ಸನ್‌ನನ್ನು ಹೊಡೆದು ಕೆಡವುವುದನ್ನು ನೋಡೋಕೆ. ಕಪ್ಪು ಮನುಷ್ಯರಿಬ್ಬರು ಪರಸ್ಪರ ಗುದ್ದಿಕೊಂಡರೆ ಅವರಿಗೇನಾಗಬೇಕು? ಬಿಳಿ ಎದುರಾಳಿ ಅಂದರೆ ದುಡ್ಡು ಜಾಸ್ತಿ, ಅಪಾಯ ಕಡಿಮೆ. ಲ್ಯಾಂಗ್‌ಫರ್ಡ್ ಅಂದರೆ ದುಡ್ಡು ಕಡಿಮೆ, ಅಪಾಯ ಜಾಸ್ತಿ. ಗೆರೆ ಎಳೆದವನು ಜಾನ್ಸನ್ ಅಲ್ಲ, ಆ ಗೆರೆಯಿಂದ ಲಾಭ ಮಾಡಿಕೊಂಡವನು. ನನಗೆ ಸಿಟ್ಟು ಬರೋದು ಇಲ್ಲೇ. ಸಿಟ್ಟಿನ ಜತೆಗೆ ಇನ್ನೊಂದು ಪ್ರಶ್ನೆಯೂ ಬರುತ್ತೆ. ಇಡೀ ದೇಶವೇ ಅಟ್ಟಿಸಿಕೊಂಡು ಬರುತ್ತಿದ್ದವನ ಹತ್ತಿರ ನ್ಯಾಯಬುದ್ಧಿಯನ್ನೂ ಕೇಳುವ ನಾನು ಯಾರು?

ಅಟ್ಟಿಸಿಕೊಂಡು ಬಂದದ್ದಂತೂ ನಿಜ. ಬಿಳಿ ಹೆಂಗಸರನ್ನು ಮದುವೆಯಾದ, ವೇಗದ ಕಾರು ಓಡಿಸಿದ, ಯಾರಿಗೂ ತಲೆ ಬಾಗಲಿಲ್ಲ. 1912ರಲ್ಲಿ ಮ್ಯಾನ್ ಕಾಯ್ದೆಯಡಿ ಹಿಡಿದರು. ಹೆಂಗಸರ ಸಾಗಾಣಿಕೆ ತಡೆಯೋಕೆ ಮಾಡಿದ ಕಾನೂನು ಅದು. ಮೊದಲ ಕೇಸಿನಲ್ಲಿ ಬಲಿಪಶು ಎನ್ನಲಾದ ಲೂಸಿಲ್ ಕ್ಯಾಮರಾನ್ ಅವನ ವಿರುದ್ಧ ಸಾಕ್ಷಿ ಹೇಳಲಿಲ್ಲ, ಅವನನ್ನೇ ಮದುವೆಯಾದಳು. ಹಳೆಯ ಗೆಳತಿಯೊಬ್ಬಳನ್ನು ಹುಡುಕಿ ಎರಡನೇ ಕೇಸು ಕಟ್ಟಿದರು. 1913ರಲ್ಲಿ ಬಿಳಿಯರೇ ಇದ್ದ ಜ್ಯೂರಿ ತಪ್ಪಿತಸ್ಥ ಎಂದಿತು, ಒಂದು ವರ್ಷ ಒಂದು ದಿನ ಶಿಕ್ಷೆ. ಜಾನ್ಸನ್ ಕೆನಡಾ ದಾಟಿ ಯುರೋಪಿಗೆ ಓಡಿದ. 1915ರ ಏಪ್ರಿಲ್ 5ರಂದು ಹವಾನಾದಲ್ಲಿ ಜೆಸ್ ವಿಲರ್ಡ್ 26ನೇ ಸುತ್ತಿನಲ್ಲಿ ಅವನನ್ನು ಮಲಗಿಸಿದ. 1920ರಲ್ಲಿ ಶರಣಾಗಿ, ಶಿಕ್ಷೆ ಮುಗಿಸಿ ಹೊರಬಂದ.

ಬಾಗಿಲು ಮತ್ತೆ ಮುಚ್ಚಿತು. ಮುಂದೆ 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಆಡಲು ಬಿಡಲಿಲ್ಲ. 1937ರಲ್ಲಿ ಜೋ ಲೂಯಿಸ್ ಅದನ್ನು ಗೆದ್ದಾಗ, ಬಿಳಿ ಹೆಂಗಸರ ಜತೆ ಫೋಟೋ ಬೇಡ, ಗೆದ್ದಾಗ ಬೀಗಬೇಡ ಅಂತ ಅವನ ಮ್ಯಾನೇಜರ್‌ಗಳೇ ಕಟ್ಟಪ್ಪಣೆ ಮಾಡಿದ್ದರು. ಇನ್ನೊಬ್ಬ ಜಾನ್ಸನ್ ಆಗಬಾರದು, ಅಷ್ಟೇ ಷರತ್ತು.

ಈ ಮಧ್ಯೆ ಲ್ಯಾಂಗ್‌ಫರ್ಡ್ ಏನು ಮಾಡುತ್ತಿದ್ದ? ಹೊರಗೆ ಉಳಿದವರ ಜತೆಯೇ ಗುದ್ದಾಡುತ್ತಿದ್ದ. ಜೆನೆಟ್, ಮೆಕ್‌ವೇ, ಹ್ಯಾರಿ ವಿಲ್ಸ್, ಒಬ್ಬೊಬ್ಬರ ಜತೆ ಹತ್ತಕ್ಕೂ ಹೆಚ್ಚು ಸಲ. ಬೇರೆ ಯಾರೂ ಇವರ ಜತೆ ಆಡುತ್ತಿರಲಿಲ್ಲ, ಬಾಡಿಗೆ ಕಟ್ಟಬೇಕಲ್ಲ! ದಾಖಲಾದ ಪಂದ್ಯಗಳೇ ಇನ್ನೂರಕ್ಕೂ ಹೆಚ್ಚು. ಚಾಂಪಿಯನ್ ಜ್ಯಾಕ್ ಡೆಂಪ್ಸಿಯೇ ತನ್ನ ಆತ್ಮಕತೆಯಲ್ಲಿ ಲ್ಯಾಂಗ್‌ಫರ್ಡ್‌ಗೆ ಹೆದರಿ ದೂರ ಉಳಿದೆ ಅಂತ ಒಪ್ಪಿಕೊಂಡಿದ್ದಾನೆ. 1917ರಲ್ಲಿ ಫ್ರೆಡ್ ಫುಲ್ಟನ್ ಜತೆಗಿನ ಪಂದ್ಯದಲ್ಲಿ ಒಂದು ಕಣ್ಣು ಹೋಯಿತು. ಇನ್ನೊಂದೂ ಮಂಜಾಗುತ್ತಾ ಬಂತು. 1922ರಲ್ಲಿ ಅಟ್ಲಾಂಟಾದಲ್ಲಿ, ಮುಂದೆ ಮಿಡ್ಲ್‌ವೇಟ್ ವಿಶ್ವ ಚಾಂಪಿಯನ್ ಆದ ಟೈಗರ್ ಫ್ಲವರ್ಸ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿದಾಗ ಅವನಿಗೆ ಎದುರಿಗಿದ್ದವನು ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಮೈಗೆ ಮೈ ತಾಗಿದಾಗ ಎಲ್ಲಿ ಹೊಡೆಯಬೇಕು ಅಂತ ಕೈಗೆ ಗೊತ್ತಿತ್ತು.

1944ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್‌ನ ವರದಿಗಾರ ಆಲ್ ಲೇನಿ ಅವನನ್ನು ಹುಡುಕಿಕೊಂಡು ಹೊರಟ. ಸತ್ತಿದ್ದಾನೆ ಅಂತಲೇ ಹಲವರು ಹೇಳಿದರು. ಸಿಕ್ಕಿದ್ದು ಹಾರ್ಲೆಮ್‌ನ ಒಂದು ಕತ್ತಲೆ ಕೋಣೆಯಲ್ಲಿ, ಪೂರ್ತಿ ಕುರುಡ, ಕೈಯಲ್ಲಿ ಚಿಲ್ಲರೆ ಕಾಸು. ವರದಿ ಓದಿದ ಜನ ದುಡ್ಡು ಕೂಡಿಸಿ ಒಂದು ನಿಧಿ ಮಾಡಿದರು, ಆ ಕ್ರಿಸ್‌ಮಸ್‌ಗೆ ಅವನಿಗೊಂದು ಗಿಟಾರು, ಸಿಗಾರು ಬಂದವು. ಯಾರ ಮೇಲೂ ದೂರು ಹೇಳದೆ ಹಳೆಯ ಪಂದ್ಯಗಳ ತಮಾಷೆ ಕತೆ ಹೇಳುತ್ತಿದ್ದನಂತೆ. ಜಾನ್ಸನ್ ತನ್ನ ಕೊನೆಗಾಲದಲ್ಲಿ ಅದೇ ನ್ಯೂಯಾರ್ಕ್‌ನ 42ನೇ ಬೀದಿಯಲ್ಲಿ, ಹ್ಯೂಬರ್ಟ್ಸ್ ಮ್ಯೂಸಿಯಂ ಎಂಬ ಕಾಸಿನ ಪ್ರದರ್ಶನಶಾಲೆಯಲ್ಲಿ ನಿಂತು, ಬಂದವರಿಗೆ ತನ್ನ ಹಳೆಯ ಕತೆ ಹೇಳುತ್ತಿದ್ದ.

1946ರ ಜೂನ್ 10ರಂದು ನಾರ್ತ್ ಕೆರೊಲಿನಾದ ಹೋಟೆಲೊಂದರಲ್ಲಿ ಬಿಳಿಯರ ಜತೆ ಕೂತು ಊಟ ಮಾಡುವ ಹಾಗಿಲ್ಲ ಅಂದದ್ದಕ್ಕೆ ಸಿಟ್ಟಾಗಿ ಜಾನ್ಸನ್ ಕಾರು ಹತ್ತಿದ, ವೇಗವಾಗಿ ಓಡಿಸಿ ಕಂಬಕ್ಕೆ ಗುದ್ದಿ ಸತ್ತ. ಅವನ ಶಿಕ್ಷೆಗೆ ಅಮೆರಿಕ ಸರ್ಕಾರ ಕ್ಷಮಾದಾನ ಕೊಟ್ಟಿದ್ದು 2018ರಲ್ಲಿ. ಲ್ಯಾಂಗ್‌ಫರ್ಡ್ ಇನ್ನೂ ಹತ್ತು ವರ್ಷ ಬದುಕಿದ್ದು, 1956ರ ಜನವರಿಯಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಡ್ಜ್‌ನ ಆರೈಕೆ ಮನೆಯೊಂದರಲ್ಲಿ ತೀರಿಕೊಂಡ. ಅವನಿಗೆ ಕ್ಷಮಿಸಲು ಸರ್ಕಾರದ ಹತ್ತಿರ ಯಾವ ಕೇಸೂ ಇರಲಿಲ್ಲ.