ನೋವಿಗೆ ಗಾಯವೇ ಅಳತೆಗೋಲಲ್ಲ

ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಬಂದ ರೋಗಿ ನರಳತೊಡಗಿದಾಗ, ಇಷ್ಟು ಸಣ್ಣ ಗಾಯಕ್ಕೆ ಇಷ್ಟೊಂದು ನೋವೇ ಎಂದು ಸುತ್ತಲಿನವರು ಹುಬ್ಬೇರಿಸುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಆಗೆಲ್ಲ ನನಗೆ ನೆನಪಾಗುವವರು ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್.

1904ರಲ್ಲಿ ಕ್ಯಾನ್ಸಸ್ ರಾಜ್ಯದಲ್ಲಿ ಜನಿಸಿದ ಬೀಚರ್ ಹಾರ್ವರ್ಡ್‌ನಲ್ಲಿ ವೈದ್ಯಶಿಕ್ಷಣ ಪಡೆದರು. 1846ರಲ್ಲಿ ಈಥರ್ ಅರಿವಳಿಕೆಯ ಪ್ರಸಿದ್ಧ ಪ್ರಾತ್ಯಕ್ಷಿಕೆ ನಡೆದಿದ್ದ ಬಾಸ್ಟನ್ನಿನ ಮೆಸಾಚುಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿಯೇ ಮುಂದೆ ಅರಿವಳಿಕೆ ವಿಭಾಗದ ಮುಖ್ಯಸ್ಥರಾದರು. ಆದರೆ ಅವರ ಚಿಂತನೆಗೆ ತಿರುವು ನೀಡಿದ್ದು ಎರಡನೆಯ ಮಹಾಯುದ್ಧ.

ಯುದ್ಧರಂಗದ ಆಸ್ಪತ್ರೆಗಳಲ್ಲಿ ತೀವ್ರವಾಗಿ ಗಾಯಗೊಂಡಿದ್ದ 215 ಯೋಧರನ್ನು ಅವರು ವಿಚಾರಿಸಿದರು. ಸುಮಾರು ಮುಕ್ಕಾಲು ಪಾಲು ಮಂದಿ ನೋವು ನಿವಾರಕ ಬೇಕೆನ್ನಲಿಲ್ಲ. 1946ರಲ್ಲಿ ಪ್ರಕಟವಾದ ಈ ಸಂಗತಿ ವೈದ್ಯಲೋಕವನ್ನು ಬೆರಗುಗೊಳಿಸಿತು. ಊರಿನ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಔಷಧ ಬಯಸಿದ್ದನ್ನು ಅವರು ಬಳಿಕ ತೋರಿಸಿದರು. ಯೋಧನಿಗೆ ಗಾಯವೆಂದರೆ ರಣರಂಗದಿಂದ ಬಿಡುಗಡೆ. ಗೃಹಸ್ಥನಿಗೆ ಅದೇ ಸಂಕಟದ ಆರಂಭ. ಗಾಯಕ್ಕೆ ಮನಸ್ಸು ಕೊಡುವ ಅರ್ಥವೇ ನೋವಿನ ತೀವ್ರತೆಯನ್ನು ಬದಲಿಸುತ್ತದೆ ಎಂಬುದು ಅವರ ನಿಲುವಾಗಿತ್ತು.

ಈ ಹಾದಿಯೇ ಅವರನ್ನು ಪ್ಲಸೀಬೊದತ್ತ, ಅಂದರೆ ಔಷಧದ ಸತ್ವವಿಲ್ಲದ ಹುಸಿಮದ್ದಿನತ್ತ ಕರೆದೊಯ್ದಿತು. 1955ರಲ್ಲಿ ಅವರು 15 ಅಧ್ಯಯನಗಳ 1,082 ರೋಗಿಗಳ ವಿವರವನ್ನು ಒಟ್ಟುಗೂಡಿಸಿ, ಸರಾಸರಿ ಶೇ 35ರಷ್ಟು ಮಂದಿಗೆ ಹುಸಿಮದ್ದಿನಿಂದಲೇ ಉಪಶಮನ ದೊರೆತಿದೆ ಎಂದರು. ಶಸ್ತ್ರಚಿಕಿತ್ಸೆಯ ನಂತರದ ನೋವು ಅವುಗಳಲ್ಲಿ ಪ್ರಮುಖವಾಗಿತ್ತು. ತಾನಾಗಿಯೇ ಕಡಿಮೆಯಾಗುವ ನೋವನ್ನೂ ಅವರು ಪ್ಲಸೀಬೊದ ಲೆಕ್ಕಕ್ಕೆ ಸೇರಿಸಿದರೆಂದು ನಂತರದ ಸಂಶೋಧಕರು ಆಕ್ಷೇಪಿಸಿದ್ದಾರೆ. ಆ ಆಕ್ಷೇಪ ನ್ಯಾಯವಾದುದೇ. ಆದರೂ ಹೊಸ ಔಷಧವನ್ನು ಹುಸಿಮದ್ದಿನ ಎದುರಿಟ್ಟು ಪರೀಕ್ಷಿಸುವ ಕ್ರಮ ಬೇರೂರಲು ಆ ಲೇಖನ ನೆರವಾಯಿತು.

ನಂಬಿಕೆಯ ಬಲವನ್ನು ಅರಿತಿದ್ದ ಈ ವೈದ್ಯ ನಂಬಿಕೆಯ ದುರುಪಯೋಗವನ್ನೂ ಬಯಲಿಗೆಳೆದರು. 1966ರಲ್ಲಿ ಅವರು ನೈತಿಕತೆ ಮೀರಿದ 22 ವೈದ್ಯಕೀಯ ಪ್ರಯೋಗಗಳನ್ನು ಪಟ್ಟಿ ಮಾಡಿ, ರೋಗಿಯ ಅರಿವಿಗೆ ಬಾರದೆ ನಡೆಯುತ್ತಿದ್ದ ಅನ್ಯಾಯವನ್ನು ಪ್ರಶ್ನಿಸಿದರು.

ಬೀಚರ್ 1976ರಲ್ಲಿ ನಿಧನರಾದರು. ಎರಡೇ ವರ್ಷಗಳಲ್ಲಿ, ಹಲ್ಲು ಕೀಳಿಸಿಕೊಂಡವರ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ನಡೆದ ಅಧ್ಯಯನವೊಂದು ಹೊಸ ಬೆಳಕು ಚೆಲ್ಲಿತು. ಮಾರ್ಫಿನ್‌ನ ಪರಿಣಾಮವನ್ನು ತಡೆಯುವ ನ್ಯಾಲೊಕ್ಸೋನ್ ಕೊಟ್ಟಾಗ ಹುಸಿಮದ್ದಿನಿಂದ ದೊರೆತಿದ್ದ ಉಪಶಮನವೂ ಕುಂದಿತು. ದೇಹವೇ ತನ್ನ ನೋವುನಿವಾರಕವನ್ನು ಸ್ರವಿಸುತ್ತದೆ ಎಂಬುದಕ್ಕೆ ಇದು ಪುರಾವೆಯಾಯಿತು.

ಹುಸಿಮದ್ದಿಗೆ ತಗ್ಗಿದ ನೋವು ಹುಸಿನೋವಲ್ಲ. ಈ ವಿಜ್ಞಾನವನ್ನು ನೆಪ ಮಾಡಿಕೊಂಡು ರೋಗಿಗೆ ಔಷಧ ನಿರಾಕರಿಸುವುದು ಬೀಚರ್ ಅವರ ಬದುಕಿಗೇ ಬಗೆಯುವ ಅಪಚಾರವೆಂದು ನಾನು ಭಾವಿಸುತ್ತೇನೆ. ಔಷಧ ಕೊಡುವಾಗ ಅದರೊಡನೆ ಎರಡು ಭರವಸೆಯ ಮಾತುಗಳನ್ನೂ ಕೊಡಬೇಕು ಎಂಬುದಷ್ಟೇ ಅದರ ಪಾಠ.