ವಿಲಿಯಂ ಷಾಕ್ಲಿ

ರೇಡಿಯೊ, ದೂರದರ್ಶನ, ಗಣಕಯಂತ್ರ ಮೊದಲಾದವುಗಳ ಒಡಲಲ್ಲಿ ಅಡಗಿ ದುಡಿಯುವ ಕಿರುಸಾಧನವೇ ಟ್ರಾನ್ಸಿಸ್ಟರ್. ಅದರ ಮುಖ್ಯ ರೂಪಗಳಲ್ಲೊಂದಾದ ಸಂಧಿ ಟ್ರಾನ್ಸಿಸ್ಟರನ್ನು ಕಲ್ಪಿಸಿದ ವಿಜ್ಞಾನಿ ವಿಲಿಯಂ ಷಾಕ್ಲಿ. ಅವನು 1910ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ದಂಪತಿಗಳ ಮಗನಾಗಿ ಜನಿಸಿ, ಕ್ಯಾಲಿಫೋರ್ನಿಯದ ಪಾಲೊ ಆಲ್ಟೊ ಪಟ್ಟಣದಲ್ಲಿ ಬೆಳೆದನು. 1936ರಲ್ಲಿ ಡಾಕ್ಟರೇಟ್ ಪದವಿ ಪಡೆದು ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದನು.

ಆ ಕಾಲದಲ್ಲಿ ಕ್ಷೀಣವಾದ ವಿದ್ಯುತ್ ಸಂಕೇತಗಳನ್ನು ವರ್ಧಿಸಲು ಗಾಜಿನ ನಿರ್ವಾತ ನಳಿಗೆಗಳೇ ಗತಿಯಾಗಿದ್ದವು. ಅವು ಬಹಳ ಕಾಯುತ್ತಿದ್ದವು, ವಿದ್ಯುತ್ತನ್ನು ಹೆಚ್ಚಾಗಿ ಕಬಳಿಸುತ್ತಿದ್ದವು, ಆಗಾಗ ಕೆಡುತ್ತಿದ್ದವು. ಅರೆವಾಹಕಗಳಿಂದಲೇ ಈ ಕೆಲಸವನ್ನು ಮಾಡಿಸಬೇಕೆಂಬುದು ಷಾಕ್ಲಿಯ ಹಂಬಲವಾಗಿತ್ತು. ಆದರೆ 1947ರ ಡಿಸೆಂಬರಿನಲ್ಲಿ ಮೊದಲ ಟ್ರಾನ್ಸಿಸ್ಟರನ್ನು ಮಾಡಿದವರು ಅವನ ತಂಡದವರೇ ಆದ ಜಾನ್ ಬಾರ್ಡೀನ್ ಮತ್ತು ವಾಲ್ಟರ್ ಬ್ರಾಟೇನ್. ತಂಡದ ನಾಯಕನಿಗೆ ಸಂತೋಷದೊಡನೆ ನೋವೂ ಆಯಿತು. ಅವನು ಛಲ ಹಿಡಿದು ಚಿಂತಿಸಿ, 1948ರ ಜನವರಿಯಲ್ಲಿ ಸಂಧಿ ಟ್ರಾನ್ಸಿಸ್ಟರಿನ ರೂಪವನ್ನು ಕಂಡುಕೊಂಡನು. 1951ರಲ್ಲಿ ಅದು ಲೋಕಕ್ಕೆ ಪ್ರಕಟವಾಯಿತು.

ಈ ಸಾಧನದಲ್ಲಿ ಮೂರು ಪದರಗಳಿವೆ. ಹೊರಗಿನವು ಎಮಿಟರ್ ಮತ್ತು ಕಲೆಕ್ಟರ್. ನಡುವಿನ ಅತಿ ತೆಳುವಾದ ಪದರವೇ ಬೇಸ್. ಎಮಿಟರ್ ಹೊರಸೂಸುವ ವಿದ್ಯುತ್ಕಣಗಳಲ್ಲಿ ಬಹುಪಾಲು ಬೇಸನ್ನು ದಾಟಿ ಕಲೆಕ್ಟರನ್ನು ಸೇರುತ್ತವೆ. ಕೆರೆಯ ತೂಬು ನೀರಿನ ಹರಿವನ್ನು ನಿಯಂತ್ರಿಸುವಂತೆ ಬೇಸು ಈ ಪ್ರವಾಹವನ್ನು ನಿಯಂತ್ರಿಸುತ್ತದೆ. ಬೇಸಿನಲ್ಲಿ ಪ್ರವಾಹವಿಲ್ಲದಿದ್ದರೆ ತೂಬು ಮುಚ್ಚಿದಂತೆ. ಇದು ಕಡಿತ ಸ್ಥಿತಿ. ಬೇಸಿನಲ್ಲಿ ಅಲ್ಪ ಪ್ರವಾಹ ಹರಿದರೆ, ಅದಕ್ಕನುಗುಣವಾಗಿ ಕಲೆಕ್ಟರಿನಲ್ಲಿ ಹಲವು ಪಟ್ಟು ಪ್ರವಾಹ ಹರಿಯುತ್ತದೆ. ಇದು ಸಕ್ರಿಯ ಸ್ಥಿತಿ. ಸಂಕೇತಗಳ ವರ್ಧನೆ ನಡೆಯುವುದು ಇಲ್ಲಿಯೇ. ತೂಬು ಪೂರ್ಣವಾಗಿ ತೆರೆದ ಮೇಲೆ ಬೇಸಿನ ಪ್ರವಾಹವನ್ನು ಎಷ್ಟು ಹೆಚ್ಚಿಸಿದರೂ ಕಲೆಕ್ಟರಿನ ಪ್ರವಾಹ ಹೆಚ್ಚದು. ಇದು ಪರ್ಯಾಪ್ತ ಸ್ಥಿತಿ. ಕಡಿತ ಮತ್ತು ಪರ್ಯಾಪ್ತ ಸ್ಥಿತಿಗಳ ನಡುವೆ ಬದಲಾಗುತ್ತ ಟ್ರಾನ್ಸಿಸ್ಟರು ಸ್ವಿಚ್ಚಿನಂತೆಯೂ ಕೆಲಸ ಮಾಡುತ್ತದೆ. ಈ ಗುಣದಿಂದಲೇ ಅದು ಗಣಕಯಂತ್ರಗಳಿಗೆ ಒದಗಿಬಂದಿತು.

1956ರಲ್ಲಿ ಷಾಕ್ಲಿ, ಬಾರ್ಡೀನ್ ಮತ್ತು ಬ್ರಾಟೇನ್ ಮೂವರಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ವರ್ಷ ಷಾಕ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ವಂತ ಪ್ರಯೋಗಾಲಯವನ್ನು ತೆರೆದು ಪ್ರತಿಭಾವಂತ ತರುಣರನ್ನು ಸೇರಿಸಿಕೊಂಡನು. ಆದರೆ ಅವರನ್ನು ನಂಬಿ ನಡೆಸಿಕೊಳ್ಳುವುದು ಅವನಿಂದಾಗಲಿಲ್ಲ. 1957ರಲ್ಲಿ ಎಂಟು ಮಂದಿ ಅವನನ್ನು ತೊರೆದು ಬೇರೆ ಸಂಸ್ಥೆಯನ್ನು ಕಟ್ಟಿದರು. ಆ ಪ್ರದೇಶ ಮುಂದೆ ಸಿಲಿಕಾನ್ ಕಣಿವೆಯೆಂದು ಪ್ರಸಿದ್ಧವಾಯಿತು. ಷಾಕ್ಲಿಯ ಪ್ರಯೋಗಾಲಯ ಮಾತ್ರ ಏಳಿಗೆ ಹೊಂದಲಿಲ್ಲ. ಮುಂದೆ ಅವನು ಬುದ್ಧಿಶಕ್ತಿ ಜನಾಂಗವನ್ನು ಅವಲಂಬಿಸಿದೆಯೆಂದು ವಾದಿಸಿ, ವಿಜ್ಞಾನಿಗಳ ತೀವ್ರ ಖಂಡನೆಗೆ ಗುರಿಯಾದನು. 1989ರಲ್ಲಿ ತೀರಿಕೊಂಡನು.

ಅಲ್ಪ ಪ್ರವಾಹದಿಂದ ಮಹಾಪ್ರವಾಹವನ್ನು ಆಳುವ ಬಗೆಯನ್ನು ಷಾಕ್ಲಿ ಅರಿತಿದ್ದನು. ಸಹೋದ್ಯೋಗಿಗಳ ಮನಸ್ಸನ್ನು ಗೆಲ್ಲುವ ಬಗೆಯನ್ನು ಅರಿಯಲಿಲ್ಲ. ಪ್ರತಿಭೆಯೊಡನೆ ವಿನಯವೂ ಮಾನವಪ್ರೀತಿಯೂ ಕೂಡಿದಾಗಲೇ ಬಾಳು ಪೂರ್ಣವಾಗುತ್ತದೆ.